ರಾಜಪಾರ್ಟಿನವರು ಖಾಕಿ ತೊಟ್ಟಾಗ

ಹೋದ ತಿಂಗಳು ತಮ್ಮನ ಮಗಳ ಶಾಲೆಯಲ್ಲಿ ವೇಷ ಹಾಕುವ ಸ್ಪರ್ಧೆಯಿತ್ತು. ಬಣ್ಣ ಹಚ್ಚುವವನು ಪುಟ್ಟ ಸೀಸೆಯೊಂದರ ಬಿರಡೆ ತೆಗೆದು, ಮಗುವಿನ ಮೇಲ್ದುಟಿಗೆ ಅಂಟು ಸವರಿ ಮೀಸೆ ಕೂರಿಸಿದ. ಸ್ಪಿರಿಟ್ಟಿನ ಆ ಘಾಟು ಮೂಗಿಗೆ ಬಡಿದದ್ದೇ ತಡ, ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಬೂಕನಕೆರೆಯ ನಮ್ಮ ಪಕ್ಕದ ಮನೆಯಿಂದ ವರ್ಷಕ್ಕೊಮ್ಮೆ ಏಳುತ್ತಿದ್ದ ವಾಸನೆ ಅದು...

ಆ ಮನೆಯವರನ್ನು ನಾನು ದೊಡ್ಡಪ್ಪ ಎನ್ನುತ್ತಿದ್ದೆ. ನೆಂಟಸ್ತಿಕೆ ಏನೂ ಇರಲಿಲ್ಲ. ಕೃಷ್ಣರಾಜಪೇಟೆಯಿಂದ ನಾಗಮಂಗಲದವರೆಗೆ ಎಲ್ಲರಿಗೂ ಅವರು ‘ರಾಜಪಾರ್ಟಿನವರು’. ಪೌರಾಣಿಕ ನಾಟಕ ಎಲ್ಲೇ ಆಗಲಿ, ಕಿರೀಟದ ಪಾರ್ಟು ಅವರದೇ. ಬೆಳಿಗ್ಗೆ ಹಾಲು ಕರೆಯುವಾಗಲೂ ಹಾಡುವರು. “ಇವ್ರ ಎಮ್ಮೆಗೆ ಕಂದಪದ್ಯ ಕೇಳ್ದೆ ಆಲೇ ಇಳಿಯಕ್ಕಿಲ್ಲ ಕಣೆ,” ಎಂದು ಅವ್ವ ನಗುತ್ತಿದ್ದಳು.

ನಮ್ಮ ಕಡೆ ನಾಟಕ ಎಂದರೆ ಹೂವಿನ ಹಾರವೂ ಹೌದು. ತಮ್ಮವನು ರಂಗದ ಮೇಲೆ ಬಂದನೆಂದರೆ ನೆಂಟರು ಆಟದ ಮಧ್ಯದಲ್ಲೇ ಮೇಲೆ ಹತ್ತಿ ಹಾರ ಹಾಕಬೇಕು. ಕಥೆಯಲ್ಲಿ ಯುದ್ಧವೇ ನಡೆಯುತ್ತಿರಲಿ, ನಿಲ್ಲುತ್ತದೆ. ಹಾಕದಿದ್ದರೆ ನೆಂಟರ ಮಾನ ಹೋಗುತ್ತದೆ. ದೊಡ್ಡಪ್ಪ ಹಾರ ಹಾಕಿಸಿಕೊಂಡು ಕೈಮುಗಿದು, ಅದೇ ಪದ್ಯವನ್ನು ಇನ್ನೊಮ್ಮೆ ಎತ್ತಿ ಹಾಡಿದರೆ ಚಪ್ಪರ ಹಾರಿಹೋಗುವಂತೆ ಸಿಳ್ಳೆ ಬೀಳುತ್ತಿತ್ತು.

ತೊಂಬತ್ತರ ದಶಕದ ಒಂದು ವರ್ಷ, ಪಾಂಡವಪುರದ ಆಟದಲ್ಲಿ ಅವರ ದನಿ ಒಡೆಯಿತು. ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಇಳಿಸಿದರೂ ಕೂಡಲಿಲ್ಲ. ಜನ ನಕ್ಕರು. ಮರುವರ್ಷ ಕಿರೀಟ ಇನ್ನೊಬ್ಬ ಹುಡುಗನ ತಲೆಗೆ ಹೋಯಿತು. ದೊಡ್ಡಪ್ಪನಿಗೆ, ಕೂತಲ್ಲೇ ಎರಡು ಮಾತಾಡುವ ಮುದುಕ ಮಂತ್ರಿಯ ಪಾರ್ಟು ಕೊಡಲು ಬಂದರು. ಅವರು ಎದ್ದು ಹಿತ್ತಿಲಿಗೆ ನಡೆದರು. ಆನೆಯಂಥ ಮನುಷ್ಯ ಹಾಗೆ ಬೆನ್ನು ಬಗ್ಗಿಸಿ ಹೋದದ್ದು ನೋಡಿ ನನಗೆ ಅಳು ಬಂದಿತ್ತು.

ಅವರಿಗೆ ಮಕ್ಕಳಿರಲಿಲ್ಲ. ಗಂಡ ತೀರಿಕೊಂಡ ಅಕ್ಕ ಮತ್ತು ಆಕೆಯ ಮಗ ಅವರ ಮನೆಯಲ್ಲೇ ಇದ್ದರು. ಈ ಸೋದರಳಿಯ ಚಿನಕುರಳಿ ಕಡೆಯ ಕಲ್ಲುಕ್ವಾರಿಯಲ್ಲಿ ಕೆಲಸಕ್ಕಿದ್ದ, ಬಲು ನಗೆಗಾರ. ಮಾವನ ಮಂಕು ನೋಡಲಾರದೆ ಒಂದು ಭಾನುವಾರ ಪೇಟೆಯ ಟಾಕೀಸಿಗೆ ಎಳೆದೊಯ್ದ. ಎಪ್ಪತ್ತರ ದಶಕದ ಯಾವುದೋ ಇಂಗ್ಲಿಷ್ ಪಿಕ್ಚರು, ನಮ್ಮ ಪೇಟೆಗೆ ಇಪ್ಪತ್ತು ವರ್ಷ ತಡವಾಗಿ ಬಂದಿತ್ತು. ಹಿಂದಿನ ಪಿಕ್ಚರುಗಳಲ್ಲೆಲ್ಲ ಅಗಲ ಟೋಪಿ ಹಾಕಿ ಕುದುರೆ ಮೇಲೆಯೇ ಜೀವ ತೇದ ನಟ, ವಯಸ್ಸಾದ ಮೇಲೆ ಇದರಲ್ಲಿ ಪೊಲೀಸಿನ ಪಾರ್ಟು ಮಾಡಿದ್ದನಂತೆ. ಭಾಷೆ ತಿಳಿಯದಿದ್ದರೂ ದೊಡ್ಡಪ್ಪ ಕಣ್ಣು ಮಿಟುಕಿಸದೆ ನೋಡಿದರಂತೆ.

ಸಂಜೆ ನಮ್ಮ ಜಗಲಿಗೇ ಬಂದರು.

“ಆ ಮುದ್ಕ ಕುದ್ರೆ ಬುಟ್ಟು ಕಾರು ಅತ್ತವ್ನೆ ಕಣವ್ವ. ಕೂಗಕಿಲ್ಲ, ಎಗರಾಡಕಿಲ್ಲ. ಸುಮ್ಕೆ ನೋಡ್ತಾನೆ, ಎದೆ ಝಲ್ ಅಂತದೆ. ನಾನ್ಯಾಕೆ ಗದೆ ಬುಡಬಾರ್ದು?”

ಅಳಿಯ ಮತ್ತವನ ಗೆಳೆಯರು ಸೇರಿ ಒಂದು ಪೊಲೀಸ್ ನಾಟಕ ಕಟ್ಟಿದರು. ದೊಡ್ಡಪ್ಪ ಇನ್‌ಸ್ಪೆಕ್ಟರು, ಅಳಿಯ ಪೇದೆ. ಅದರಲ್ಲಿ ಹಾಡಿಲ್ಲ, ಕಿರೀಟವಿಲ್ಲ, ಅಂಟಿಸುವ ಮೀಸೆಯೂ ಇಲ್ಲ. ಕೊಟ್ಟಿಗೆಯಲ್ಲಿ ದಿನವೂ ಅಭ್ಯಾಸ. ಮೆತ್ತಗೆ ಮಾತಾಡಲು ಹೋಗಿ ಮೈಯೆಲ್ಲ ಬೆವರುತ್ತಿದ್ದರು.

“ಇದೂ ಆಗ್ನಿಲ್ಲ ಅಂದ್ರೆ ಇನ್ನು ಬಣ್ಣ ಮುಟ್ಟಕ್ಕಿಲ್ಲ ಕಣವ್ವ,” ಎಂದರು ಒಮ್ಮೆ. ತಮಾಷೆಗೆ ಹೇಳಿದ ಮಾತಲ್ಲ ಅದು.

ನಾಟಕದ ದಿನ ದೀಪ ಹಚ್ಚುವ ಹೊತ್ತಿಗೆ ಪರದೆ ಎದ್ದಿತು. ಬೋಳುತಲೆ, ನರೆತ ಗಡ್ಡ, ಮಾಸಿದ ಖಾಕಿ. ಯಾರೂ ಸಿಳ್ಳೆ ಹಾಕಲಿಲ್ಲ. ರೌಡಿಗಳು ಪೇದೆಯನ್ನು ಕೊಲ್ಲುವ ದೃಶ್ಯ ಬಂತು. ಅಳಿಯ ಉರುಳಿಬಿದ್ದ. ದೊಡ್ಡಪ್ಪ ಅವನ ಪಕ್ಕ ಮಂಡಿಯೂರಿ ಸುಮ್ಮನೆ ಕೂತರು. ಅಷ್ಟರಲ್ಲಿ ಅವರ ಭಾವಮೈದುನರಿಗೆ ಇದೇ ಸಮಯ ಅನ್ನಿಸಿರಬೇಕು. ಸುಗಂಧರಾಜದ ದಪ್ಪ ಹಾರ ತಂದು ಅವರ ಕೊರಳಿಗೆ ಹಾಕಿಯೇಬಿಟ್ಟರು. ಹಿನ್ನೆಲೆಗೆಂದು ಕೂತಿದ್ದ ಹಾರ್ಮೋನಿಯಂ ಮೇಷ್ಟ್ರ ಬೆರಳೂ ರೂಢಿಯಂತೆ ಹಳೆಯ ಮಟ್ಟು ಹಿಡಿಯಿತು. “ರಾಜಪಾರ್ಟಿನೋರೇ, ಒಂದ್ ಪದ್ಯ ಬುಡಿ!” ಎಂದು ಯಾರೋ ಕೂಗಿದರು. ಜನ ಘೊಳ್ಳೆಂದರು.

ಅವರು ಕೈಮುಗಿಯಲಿಲ್ಲ, ಹಾಡಲೂ ಇಲ್ಲ. ಹಾರವನ್ನು ನಿಧಾನವಾಗಿ ತೆಗೆದು, ಬಿದ್ದಿದ್ದ ಅಳಿಯನ ಕೊರಳಿಗೆ ಹಾಕಿದರು. ಅವನ ಅಂಗಿಯ ಕಾಲರು ಸರಿಮಾಡಿದರು. ಎರಡು ಬೆರಳಿನಿಂದ ರೆಪ್ಪೆ ಮುಚ್ಚಿದರು.

ಹಾರ್ಮೋನಿಯಂ ನಿಂತಿತು. ನಗುವೂ ನಿಂತಿತು. ಹೆಂಗಸರ ಸಾಲಿನಿಂದ ಅಳಿಯನ ತಾಯಿ ಎದ್ದು ನಿಂತರು.

“ಅಯ್ಯೋ, ಬದುಕಿರೋ ಮಗಿಗೆ ಯಾಕ್ಲಾ ಆಕ್ದೆ!”

ಆ ಕೂಗು ಚಪ್ಪಾಳೆಯಲ್ಲಿ ಮುಳುಗಿಹೋಯಿತು. ಆಟ ಮುಗಿದ ಮೇಲೆ ಅಳಿಯ ಅದೇ ಹಾರ ಹಾಕಿಕೊಂಡು, “ಮಾವ, ನನ್ನ ನಿಜ್ವಾಗ್ಲೂ ಸಾಯ್ಸೇಬುಟ್ಟೆ ಕಣಪ್ಪ!” ಎಂದು ಊರೆಲ್ಲ ನಗಿಸಿದ. ಅಲ್ಲೂ ಆಟ ಆಡಿಕೊಡಿ ಎಂದು ನಾಗಮಂಗಲದಿಂದ ವೀಳ್ಯ ಬಂತು. ದೊಡ್ಡಪ್ಪ ಮತ್ತೆ ಎದೆಯೆತ್ತಿ ನಡೆದರು.

ಆ ಮಳೆಗಾಲ ಹಿಡಿಯುವ ಮೊದಲೇ, ಕೆಲಸ ಮುಗಿಸಿ ಬರುತ್ತಿದ್ದ ಅಳಿಯನ ಗಾಡಿಗೆ ಜಲ್ಲಿ ಲಾರಿ ಗುದ್ದಿತು...

ಹೆಣದ ಮುಂದೆ ಹಿರಿಯರೊಬ್ಬರು ಹಾರವನ್ನು ದೊಡ್ಡಪ್ಪನ ಕೈಗಿಟ್ಟರು. ಮೊದಲು ಸೋದರಮಾವ ಹಾಕಬೇಕು. ಅವರು ಅದನ್ನು ಹಿಡಿದು ನಿಂತೇ ಇದ್ದರು.

“ಆಕಕ್ಕಾಗಕಿಲ್ಲ ಕಣ್ರಪ್ಪ. ನಾನು ಮೊದ್ಲೇ ಆಕ್ಬುಟ್ಟಿವ್ನಿ.”

ಅಕ್ಕ ಅವರ ಕೈಯಿಂದ ಹಾರ ಕಿತ್ತುಕೊಂಡು ತಾವೇ ಹಾಕಿದರು. ಒಂದೇ ಸೂರಿನಡಿ ಬದುಕಿದರೂ ಆಮೇಲೆ ತಮ್ಮನ ಜೊತೆ ಮಾತಾಡಲಿಲ್ಲ. ದೊಡ್ಡಪ್ಪ ನಾಟಕದತ್ತ ತಲೆ ಹಾಕಲಿಲ್ಲ. ಆದರೆ ಆ ಇನ್‌ಸ್ಪೆಕ್ಟರಿನ ತಗ್ಗಿದ ದನಿ ಮಾತ್ರ ಅವರ ಗಂಟಲಲ್ಲಿ ಉಳಿದುಬಿಟ್ಟಿತು. ಸಂಜೆ ಗೋಡೆಯಾಚೆಯಿಂದ ಅದು ಕೇಳಿದರೆ ನನಗೆ ಹೆದರಿಕೆಯಾಗುತ್ತಿತ್ತು.

“ಕೊಂದದ್ದು ಲಾರಿ ದೊಡ್ಡಪ್ಪ, ನೀವಲ್ಲ,” ಎಂದು ರೇಗಿಯೇ ಹೇಳಿದ್ದೆ ಒಮ್ಮೆ.

“ಗೊತ್ತು ಕಣವ್ವ,” ಎಂದರು. “ಆದ್ರೆ ಅವತ್ತು ಆಟ್ದಲ್ಲಿ ಅವನ ಮಕ ನೋಡ್ದಾಗ ನಂಗೆ ಸತ್ತಂಗೇ ಕಾಣ್ತು. ಅದ್ಕೇ ಅಷ್ಟು ಚೆಂದಾಗಿ ಬಂತು.”

ಈಗ ದೊಡ್ಡಪ್ಪನೂ ಇಲ್ಲ, ಅವರಕ್ಕನೂ ಇಲ್ಲ. ಶಕುನ ಗಿಕುನ ನಾನು ನಂಬುವವಳಲ್ಲ. ಅಂಥ ಪಾರ್ಟು ಇನ್ಯಾರೂ ಮಾಡಲಿಲ್ಲ ಎಂದು ಊರಿನ ಹಳಬರು ಈಗಲೂ ಹೇಳುತ್ತಾರೆ. ನಿಜ, ನಾನೂ ನೋಡಿಲ್ಲ. ಆದರೂ ಅವತ್ತು ಅವರು ಸೋತಿದ್ದರೆ ಚೆನ್ನಾಗಿತ್ತು ಅನ್ನಿಸುತ್ತದೆ. ಒಡಕು ದನಿಯಲ್ಲೇ ಒಂದು ಪದ್ಯ ಹಾಡಿ, ನಗಿಸಿಕೊಂಡು ಮನೆಗೆ ಬಂದಿದ್ದರೆ... ಲಾರಿಯೇನೂ ನಿಲ್ಲುತ್ತಿರಲಿಲ್ಲ. ಎತ್ತಿ ಆಡಿಸಿದ ಹುಡುಗನಿಗೆ ಹೂ ಹಾಕಿ ಕಳಿಸಿಕೊಡುವುದಾದರೂ ಅವರಿಗೆ ಆಗುತ್ತಿತ್ತು.