ಹುಬ್ಬಳ್ಳಿಗೆ ಒಂದೇ ಗಂಟೆ

ಬೆಳಿಗ್ಗೆ ಅವರೆಕಾಯಿ ಸುಲಿಯುತ್ತಾ ಕೂತಿದ್ದಾಗ ಹುಬ್ಬಳ್ಳಿಯಿಂದ ಅಕ್ಕನ ಫೋನ್ ಬಂತು. "ನಾಳೆ ವಿಮಾನದಲ್ಲಿ ಬರ್ತಿದೀನಿ ಕಣೆ. ಒಂದೇ ಗಂಟೆ." ಬೆರಳಿಗೆ ಹತ್ತಿದ ಅವರೆಸೊಗಡು ನನ್ನನ್ನು ಎರಡು ವರ್ಷ ಹಿಂದಿನ ಒಂದು ಶುಕ್ರವಾರಕ್ಕೆ ಎಳೆದೊಯ್ದಿತು.

ಅವತ್ತೂ ಇದೇ ಕೆಲಸ. ಫೋನ್ ಮಾತ್ರ ಭಾವನದು. ಅಕ್ಕನಿಗೆ ಸಂಜೆ ಐದಕ್ಕೆ ಹೃದಯದ ಆಪರೇಷನ್. "ನಿನ್ನ ಮುಖ ನೋಡ್ದೆ ಒಳಗೆ ಹೋಗಲ್ಲ ಅಂತಿದಾಳಮ್ಮ." ಮಗಳು ಟಿಕೆಟ್ ಮಾಡಿದಳು, ಎರಡಕ್ಕೆ ಹೊರಟರೆ ಮೂರಕ್ಕೆ ಹುಬ್ಬಳ್ಳಿ. ನೀವು ಬೆಂಗಳೂರಿನಲ್ಲಿ ನಮ್ಮ ಪದ್ಮನಾಭನಗರದ ಕಡೆಯವರಾದರೆ ನಗುತ್ತೀರಿ. ವಿಮಾನ ಹಾರುವುದು ಒಂದು ಗಂಟೆ, ಅದು ಹಾರುವ ಜಾಗವನ್ನು ನಾವು ಮುಟ್ಟಲು ಎರಡು ಗಂಟೆಯ ಮೇಲೆ. ಹತ್ತೂಮುಕ್ಕಾಲಿಗಾದರೂ ಮನೆ ಬಿಡಬೇಕು, ಅದಕ್ಕೆ ಮುಂಚೆ ಕಾರು ಸಿಗಲಿಲ್ಲ. ಶುಕ್ರವಾರ ಹತ್ತೂವರೆಗೇ ರಾಹುಕಾಲ.

ಅದಕ್ಕೂ ನನ್ನ ಹತ್ತಿರ ದಾರಿಯಿತ್ತು. ಒಳ್ಳೆಯ ಹೊತ್ತಿನಲ್ಲೇ ಪ್ರಯಾಣದ ಚೀಲವನ್ನು ಪಕ್ಕದ ಮನೆಯಲ್ಲಿಟ್ಟು ಬಂದರೆ ಆಗಲೇ ಹೊರಟಂತೆ. ಪ್ರಸ್ಥಾನ ಇಡುವುದು ಅನ್ನುತ್ತೇವೆ. ಹತ್ತಕ್ಕೆ ಚೀಲವನ್ನು ರತ್ನಮ್ಮನವರ ಹಜಾರದಲ್ಲಿಟ್ಟು, ನನ್ನ ಜಾಣತನಕ್ಕೆ ನಾನೇ ಮೆಚ್ಚಿ, ಬಂದು ಸೀರೆ ಉಟ್ಟೆ. ಕಾರು ಬಂತು. ಹೋಗಿ ನೋಡಿದರೆ ರತ್ನಮ್ಮನವರ ಬಾಗಿಲಿಗೆ ಬೀಗ. ಅವರ ಫೋನು ಒಳಗೇ ಬಡಿದುಕೊಳ್ಳುತ್ತಿತ್ತು. ನನ್ನ ಆಧಾರ್ ಕಾರ್ಡು ಆ ಚೀಲದಲ್ಲಿ.

"ಕಾರ್ಡಿಲ್ದೆ ಏರ್‌ಪೋರ್ಟ್ ಒಳಗೇ ಬಿಡಲ್ಲಮ್ಮ" ಎಂದಳು ಮಗಳು. ನಮ್ಮ ಮನೆಯವರು, "ಬಿಡು, ಬಸ್ಸಿಗೆ ಹೋದ್ರಾಯ್ತು" ಅಂದರು.

"ಬಸ್ಸು ಮುಟ್ಟೋ ಹೊತ್ತಿಗೆ ಅವಳು ಒಳಗಿರ್ತಾಳೆ. ನಾನು ಹೋಗೋಳೇ."

ಶುಕ್ರವಾರ ರಾಹುಕಾಲದಲ್ಲಿ ರತ್ನಮ್ಮ ಇನ್ನೆಲ್ಲಿರುತ್ತಾರೆ? ದೇವಿಗೆ ನಿಂಬೆಹಣ್ಣಿನ ದೀಪ ಹಚ್ಚಲು ಹೋಗಿರುತ್ತಾರೆ. ನಾನು ಹೆದರಿ ತಪ್ಪಿಸಿಕೊಂಡ ಹೊತ್ತು ಅವರಿಗೆ ಪೂಜೆಯ ಹೊತ್ತು. ಸೆರಗು ಸಿಕ್ಕಿಸಿ, ಆ ರಾಹುಕಾಲದ ನಡುವೆಯೇ ಗುಡಿಗೆ ಓಡಿದೆ.

"ಇದೇನ್ರೀ, ಇಷ್ಟೊತ್ನಲ್ಲಿ ಹೊರಟಿದೀರಾ?"

"ಕೀ ಕೊಡಿ ರತ್ನಮ್ಮ. ಬೈಯೋದು ಆಮೇಲೆ ಬೈಯಿರಿ."

ಸೊಂಟದಿಂದ ಕೀ ತೆಗೆದು ಕೊಟ್ಟರು. "ನಿಮ್ಮಕ್ಕನ ಹೆಸರಲ್ಲಿ ಇನ್ನೆರಡು ದೀಪ ಹಚ್ತೀನಿ, ಓಡಿ."

ಡ್ರೈವರ್ ಗೊಣಗದೆ ಕಾದಿದ್ದ, ಅದೊಂದು ಪುಣ್ಯ. ಏರ್‌ಪೋರ್ಟಿನ ಉದ್ದದ ಸಾಲಿನಲ್ಲಿ ಯಾರೋ ಹುಡುಗಿ "ಮುಂದೆ ಹೋಗಿ ಆಂಟಿ" ಅಂದಳು. ಅವಳಿಗೆ ದೇವರು ಒಳ್ಳೆಯದು ಮಾಡಲಿ. ವಿಮಾನ ಏರಿದ ಮೇಲೆ ಕಿಟಕಿಯಾಚೆ ನೋಡುವ ಧೈರ್ಯವಾಗಲಿಲ್ಲ. ಕಣ್ಣು ಮುಚ್ಚಿ ರಾಮನಾಮ ಹಿಡಿದವಳು ಕಣ್ಣು ಬಿಟ್ಟರೆ ಹುಬ್ಬಳ್ಳಿ.

ಅಕ್ಕನನ್ನು ಆಗಲೇ ಟ್ರಾಲಿಯ ಮೇಲೆ ಮಲಗಿಸಿದ್ದರು. ನನ್ನ ಕೈ ಹಿಡಿದು ಮೂಗಿನ ಹತ್ತಿರ ತಂದುಕೊಂಡಳು. "ಅವರೆಕಾಯಿ ಸುಲೀತಿದ್ಯೇನೇ? ಸಾರು ಮಾಡಿಡು, ಬರ್ತೀನಿ." ಅಷ್ಟು ಹೇಳಿ ಒಳಗೆ ಹೋದಳು.

ಆಪರೇಷನ್ ಚೆನ್ನಾಗೇ ಆಯಿತು, ಆದರೆ ಡಾಕ್ಟರು ದೂರದ ಪ್ರಯಾಣಕ್ಕೆ ಒಪ್ಪಿದ್ದು ಎರಡು ವರ್ಷವಾದ ಮೇಲೆ, ಈಗ.

"ನಾಳೆ ಶುಕ್ರವಾರ ಅಲ್ವಾ, ಪ್ರಸ್ಥಾನ ಇಡ್ಲಾ?" ಎಂದು ಇವತ್ತು ಅಕ್ಕ ಕೇಳಿದಳು.

"ಇಡು. ಕಾರ್ಡು ಮಾತ್ರ ಕೈಲಿಟ್ಕೋ. ಹೊತ್ತಾಯ್ತು ಅಂದ್ರೆ ಯಾವ ಕಾಲ ಅಂತ ನೋಡ್ಬೇಡ, ಹೊರಟುಬಿಡು."

ಫೋನಿಟ್ಟು, ಸುಲಿದ ಕಾಳಿಗೆ ನೀರು ತುಂಬಿಸಿದೆ. ರಾತ್ರಿಯಿಡೀ ನೆನೆದರೆ ನಾಳೆ ಸಾರಿಗೆ ಸಿಪ್ಪೆ ಹಿತಕಲು ಸಲೀಸು.