ನಿನ್ನೆಯದನ್ನು ಇಂದಿಗೆ ಬೆರೆಸಬಿಡದ ಹ್ರೂಬಿಯವರು

ನೆಬ್ರಾಸ್ಕದ ಮಾಂಸ ಕಾರ್ಖಾನೆಗಳಲ್ಲಿ ಸರ್ಕಾರದ ತಪಾಸಣಾಧಿಕಾರಿಗಳಾಗಿ ದುಡಿದವರು ಅನೇಕರು. ಹೆಸರರಿಯದ ಮಕ್ಕಳ ತಟ್ಟೆಯನ್ನು ಕಣ್ಣ ಮುಂದಿಟ್ಟುಕೊಂಡೇ ದುಡಿದವರು ವಿರಳ. ಈ ತಿಂಗಳು ನಿವೃತ್ತರಾಗುತ್ತಿರುವ ಶ್ರೀಮತಿ ವರ್ಲೀನ್ ಹ್ರೂಬಿಯವರು ಅಂಥ ವಿರಳರಲ್ಲೊಬ್ಬರು.

ಅವರು ನಮ್ಮ ಕಾರ್ಖಾನೆಗೆ ಬಂದಾಗ ನಾನು ದನದ ಮಾಂಸ ಅರೆಯುವ ಯಂತ್ರದ ಬಳಿ ಕೆಲಸಕ್ಕಿದ್ದೆ. ಥಂಡಿಗೆ ಕೈ ಮರಗಟ್ಟಿದ ಹೊಸಬರಿಗೆ ತಮ್ಮ ಕೈಗವಸು ಬಿಚ್ಚಿಕೊಟ್ಟವರು ಅವರು. ನನ್ನ ಮಗಳಿಗೆ ಜ್ವರ ಬಂದ ದಿನ ತಮ್ಮ ಕಾರಿನಲ್ಲಿ ನನ್ನನ್ನು ಮನೆ ಮುಟ್ಟಿಸಿದವರೂ ಅವರೇ.

ಹಿಂದಿನ ದಿನ ಅರೆದು ಉಳಿದದ್ದನ್ನು ಬೆಳಿಗ್ಗೆ ಹೊಸ ಮಾಂಸಕ್ಕೆ ಬೆರೆಸುವುದು ಆಗ ನಮ್ಮಲ್ಲಿ ಹಾಲಿಗೆ ಹೆಪ್ಪು ಹಾಕಿದಷ್ಟೇ ಸಹಜವಾಗಿತ್ತು. ಪಕ್ಕದ ರಾಜ್ಯದಲ್ಲಿ ಹ್ಯಾಂಬರ್ಗರ್ ತಿಂದ ಮಕ್ಕಳು ಆಸ್ಪತ್ರೆ ಸೇರಿ, ತಾಯಂದಿರೆಲ್ಲ ಅಂಗಡಿಯ ಮಾಂಸವನ್ನು ಅನುಮಾನದಿಂದ ನೋಡುತ್ತಿದ್ದ ಚಳಿಗಾಲವದು. ಒಂದು ಬೆಳಿಗ್ಗೆ, ಹಿಂದಿನ ದಿನದ ಮಾಂಸದ ಪರೀಕ್ಷೆಯ ಫಲಿತಾಂಶ ಬರುವ ಮೊದಲೇ ಅದರ ಉಳಿಕೆ ಹೊಸದಕ್ಕೆ ಬೆರೆತುಹೋಯಿತು. ಮರುಸಂಜೆ ನಮ್ಮ ಮಕ್ಕಳ ಶಾಲೆಯಲ್ಲಿ ಊರೆಲ್ಲ ಸೇರುವ ವಾರ್ಷಿಕ ಊಟಕ್ಕೆ ಹೋಗಬೇಕಾದದ್ದೂ ಅದೇ ಮಾಂಸ. ಹ್ರೂಬಿಯವರು ಯಂತ್ರ ನಿಲ್ಲಿಸಿ, ಎರಡು ದಿನದ ಸರಕೂ ಹೊರಹೋಗದಂತೆ ಸರ್ಕಾರದ ತಡೆಚೀಟಿ ಕಟ್ಟಿದರು.

"ಮೂಸಿ ನೋಡಿ ಮೇಡಂ, ಏನಾಗಿದೆ ಇದಕ್ಕೆ?" ಎಂದ ಮೇಲ್ವಿಚಾರಕ ಡ್ವೇನ್ ಕೆಸ್ಲರ್.

"ಮೂಸಿದ್ರೆ ಗೊತ್ತಾಗೋ ಹಾಗಿದ್ರೆ ಸರ್ಕಾರ ನನ್ಯಾಕಪ್ಪ ಇಟ್ಕೋತಿತ್ತು? ನಮ್ಮನೆ ನಾಯೀನೇ ಇಟ್ಕೋತಿತ್ತು."

"ಶಾಲೆಯವ್ರಿಗೆ ಏನು ಹೇಳ್ಲಿ?"

"ನನ್ನ ಹೆಸರು ಹೇಳು. ಬೈಯೋಕಾದ್ರೂ ಬರ್ಲಿ."

ಊಟದ ಸಂಜೆ ಶಾಲೆಯಲ್ಲಿ ಬರೀ ಬೇಯಿಸಿದ ಕಾಳು, ಬ್ರೆಡ್ಡು. ಬಡಿಸಲು ನಿಂತವರು ಹ್ರೂಬಿಯವರೇ. "ಏನ್ ವರ್ಲೀನ್, ಕಾಳಿಗೂ ಚೀಟಿ ಕಟ್ಟಿದ್ಯಾ?" ಎಂದವರಿಗೆ ಇನ್ನೊಂದು ಸೌಟು ಹೆಚ್ಚಾಗಿಯೇ ಹಾಕಿದರು.

ಫಲಿತಾಂಶ ಬಂತು. ಮಾಂಸದಲ್ಲಿ ಏನೂ ಇರಲಿಲ್ಲ. ಊರು ನಕ್ಕಿತು, ನಾವೂ ನಕ್ಕೆವು.

"ಈಗೇನಂತೀರಾ ಮೇಡಂ?" ಎಂದ ಕೆಸ್ಲರ್.

"ಒಳ್ಳೇದಾಯ್ತು ಅಂತೀನಿ. ಸಂಜೆ ಯಂತ್ರ ಖಾಲಿ ಮಾಡಿ ತೊಳ್ಸು."

ಅಂದಿನಿಂದ ಪ್ರತಿ ಬೆಳಿಗ್ಗೆ ಖಾಲಿ ಯಂತ್ರವನ್ನು ಕಣ್ಣಾರೆ ಕಂಡ ಮೇಲೆಯೇ ಅವರು ಕೆಲಸಕ್ಕೆ ಅಪ್ಪಣೆ ಕೊಟ್ಟರು. ಕೆಲವು ವರ್ಷಗಳ ಬಳಿಕ ಒಂದು ದಿನದ ಮಾಂಸದಲ್ಲಿ ನಿಜಕ್ಕೂ ರೋಗಾಣು ಸಿಕ್ಕಿತು; ಆ ಒಂದು ದಿನದ್ದು ಶೈತ್ಯಾಗಾರ ದಾಟಲಿಲ್ಲ, ಬೇರೆ ದಿನಗಳ ಮಾಂಸಕ್ಕೆ ಅದು ಬೆರೆತೂ ಇರಲಿಲ್ಲ. ಅದೇ ವಾರ ಶಾಲೆಯ ವಾರ್ಷಿಕ ಊಟವಿತ್ತು. ನನ್ನ ಮಗಳು ಎರಡು ಹ್ಯಾಂಬರ್ಗರ್ ತಿಂದು, ತುಟಿಗೆ ಸಾಸಿವೆ ಗೊಜ್ಜು ಮೆತ್ತಿಕೊಂಡು, ಓಡುತ್ತಾ ಮನೆಗೆ ಬಂದಳು.

ಈಗ ಆ ಊಟಕ್ಕೆ ಒಲೆಯ ಮುಂದೆ ನಿಲ್ಲುವವನು ಕೆಸ್ಲರ್. ಮಾಂಸದೊಳಗೆ ಶಾಖ ಅಳೆಯುವ ಕಡ್ಡಿ ಚುಚ್ಚಿ, "ಮೇಡಂ, ಬಂದು ನೋಡಿ, ಆಮೇಲೆ ಬಡಿಸ್ತೀನಿ" ಎಂದು ಕೂಗುತ್ತಾನೆ. ಹ್ರೂಬಿಯವರು ನೂರ್ಕಾಲ ಆರೋಗ್ಯದಿಂದಿದ್ದು, ಆ ಕೂಗಿಗೆ ಪ್ರತಿವರ್ಷವೂ ಎದ್ದು ಬರುವಂತಾಗಲಿ.