ಹೊಳೆ ದಾಟಿ ಹೋದ ಬದನೆಕಾಯಿ

ಮೂವತ್ತು ವರ್ಷ ಚಿಕ್ಕೋಡಿಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದವನು ನಾನು. ನಿವೃತ್ತನಾದ ಮೇಲೆ ಏಕಸಂಬಿಯ ನಮ್ಮ ಹಿತ್ತಲಿನಲ್ಲಿ ನಾನು ಮಾಡಿದ ಮೊದಲ ಘನಕಾರ್ಯವೆಂದರೆ, ಅವ್ವ ಬೀಜಕ್ಕೆಂದು ಬಿಟ್ಟಿದ್ದ ಬದನೆಗಿಡವನ್ನು ಕಿತ್ತು ತಿಪ್ಪೆಗೆ ಎಸೆದದ್ದು. ಗಿಡ ಒಣಗಿತ್ತು, ಇದ್ದೊಂದು ಕಾಯಿ ಹಳದಿ ತಿರುಗಿತ್ತು. ಅದಕ್ಕೆ ಕಟ್ಟಿದ್ದ ಅರಿವೆಚೂರನ್ನು ದೃಷ್ಟಿಗೆ ಕಟ್ಟಿದ್ದೆಂದು ತಿಳಿದೆ. ಕಾಯನ್ನು ಎಮ್ಮೆಯ ಮುಂದೆ ಹಾಕಿದೆ. ಎಮ್ಮೆ ಅರಿವೆಯನ್ನೂ ಬಿಡಲಿಲ್ಲ.

ಬೀಜದ ಕಾಯಿಗೆ ಅರಿವೆ ಕಟ್ಟುವುದು ನಮ್ಮ ಕಡೆಯ ಹೆಣ್ಣುಮಕ್ಕಳ ಪದ್ಧತಿ. ಆ ಕಾಯನ್ನು ಯಾರೂ ಮುಟ್ಟಬಾರದು. ಊರಿನ ಎಲ್ಲರಿಗೂ ಗೊತ್ತಿದ್ದ ಈ ಸಂಗತಿ ನನಗೊಬ್ಬನಿಗೇ ಗೊತ್ತಿರಲಿಲ್ಲ. ಹಳೇ ಬೀಜವನ್ನೆಲ್ಲ ಅವ್ವ ಅದೇ ವರ್ಷ ಬಿತ್ತಿ ಮುಗಿಸಿದ್ದಳು, ಉಳಿದ ಗಿಡಗಳನ್ನು ಕಾಯಿ ಮುಗಿದ ಮೇಲೆ ಕಿತ್ತಾಗಿತ್ತು. ಆಕೆಯ ಅತ್ತೆ ಕೊಟ್ಟ ತಳಿ ಅಲ್ಲಿಗೆ ನಿಂತುಹೋಯಿತು. ಪೇಟೆಯಿಂದ ಬೇರೆ ಬೀಜ ತರುತ್ತೇನೆಂದೆ. "ತಂದು ನಿನ್ನ ಕಾಲೇಜಿನ್ಯಾಗ ಹಚ್ಚು," ಅಂದವಳು ನನ್ನೊಡನೆ ಮಾತು ಬಿಟ್ಟಳು. ಎಂಬತ್ತು ದಾಟಿದ ತಾಯಿ ಮಾತು ಬಿಟ್ಟರೆ ಅರವತ್ತು ದಾಟಿದ ಮಗನಿಗೂ ಊಟ ಸೇರುವುದಿಲ್ಲ ನೋಡಿ.

ಆಗ ಅಕ್ಕ ನೆನಪಾದಳು. ನಲವತ್ತು ವರ್ಷದ ಹಿಂದೆ ಕೃಷ್ಣೆಯ ಆಚೆಗೆ, ಅಥಣಿ ಕಡೆಯ ಹಳ್ಳಿಗೆ ಅವಳನ್ನು ಕೊಟ್ಟಾಗ ಅವ್ವ ಉಡಿ ತುಂಬಿ, ಅಕ್ಕಿ ಕೊಬ್ಬರಿಯ ಜೊತೆಗೆ ಒಂದು ಚಿಟಿಕೆ ಬದನೆಬೀಜವನ್ನೂ ಗಂಟು ಕಟ್ಟಿ ಹಾಕಿದ್ದಳು. ಮರುದಿನವೇ ಗಾಡಿ ತೆಗೆದು ಸೇತುವೆ ದಾಟಿದೆ. ಕಥೆ ಕೇಳಿ ಅಕ್ಕ ಹೊಟ್ಟೆ ಹಿಡಿದು ನಕ್ಕಳು. "ಅಯ್ಯ ತಮ್ಮಾ, ನಿನ್ನ ಕೈಯಾಗ ಕಲಿತ ಹುಡುಗೂರ ಗತಿ ಏನೋ!" ಅಂತ ಬೀಜ ಕೊಟ್ಟಳು.

ಊರಿಗೆ ಬಂದು ಸಸಿ ಮಾಡಿದೆ, ನೆಟ್ಟೆ, ದಿನಾ ಎರಡು ಹೊತ್ತು ಹೋಗಿ ನೋಡಿದೆ. ಕಾಯಿ ಬಿಟ್ಟವು. ಬಗ್ಗಿ ಒಂದನ್ನು ತಿರುಗಿಸಿ ನೋಡಿದೆ. ನಮ್ಮದು ಉದ್ದ, ನುಣುಪು, ಅಚ್ಚ ನೇರಳೆ. ಇವು ಗಿಡ್ಡ, ಗುಂಡಗೆ, ಮೈತುಂಬ ಬಿಳಿ ಗೆರೆ, ತೊಟ್ಟಿಗೆ ಮುಳ್ಳು ಬೇರೆ.

ಪಾಠ ಹೇಳುವ ಚಟ ಹೋಗುತ್ತದೆಯೇ? ಎಮ್ಮೆಯ ಎದುರಿಗೇ ನಿಂತು ನನಗೆ ನಾನೇ ಹೇಳಿಕೊಂಡೆ. ಒಂದು ಚಿಟಿಕೆ ಬೀಜದಲ್ಲಿ ಹಿತ್ತಲಿನ ಗುಣವೆಲ್ಲ ಹೋಗಿರುವುದಿಲ್ಲ, ಕೆಲವಷ್ಟೇ ಹೋಗಿರುತ್ತವೆ. ನಡುವೆ ಹೊಳೆ, ಇಷ್ಟೊಂದು ದೂರ. ನಮ್ಮ ಹಿತ್ತಲಿನ ದುಂಬಿ ಪರಾಗ ಹೊತ್ತುಕೊಂಡು ಅಥಣಿ ಬಸ್ಸು ಹತ್ತುವುದಿಲ್ಲವಲ್ಲ! ಇಲ್ಲಿ ಅವ್ವ ಕೆಂಡದಲ್ಲಿ ಸುಡಲು ಒಪ್ಪುವ ಉದ್ದನೆಯದನ್ನು ಬೀಜಕ್ಕೆ ಬಿಟ್ಟಳು, ಅಲ್ಲಿ ಅಕ್ಕನ ಅತ್ತೆ ಎಣ್ಣೆಗಾಯಿಗೆಂದು ಗುಂಡನೆಯದನ್ನು ಬಿಟ್ಟಳು. ವರ್ಷಕ್ಕೊಂದರಂತೆ ನಲವತ್ತು ತಲೆಮಾರು. ನಾವು ನೀವು ಅಷ್ಟು ತಲೆಮಾರು ಹಿಂದಕ್ಕೆ ಹೋದರೆ ಚಾಲುಕ್ಯರ ಕಾಲಕ್ಕೆ ಮುಟ್ಟುತ್ತೇವೆ. ಆಗಿನ ಅಜ್ಜ ಎದುರಿಗೆ ಬಂದರೆ ನನ್ನ ಗುರುತು ಹಿಡಿದಾನೆಯೇ? ಎರಡು ಕಡೆಯ ಗಿಡಗಳು ಒಂದನ್ನೊಂದು ಮರೆತು ಹೀಗೇ ಇನ್ನೂ ಸಾವಿರಾರು ವರ್ಷ ನಡೆದಿದ್ದರೆ, ಕೊನೆಗೊಮ್ಮೆ ಕೂಡಿಸಿದರೂ ಕೂಡದಷ್ಟು ಬೇರೆಯಾಗಲೂಬಹುದಿತ್ತು. ಒಂದು ಸಸ್ಯಜಾತಿ ಎರಡಾಗುವುದು ಹೇಗೆ? ಪರೀಕ್ಷೆಯಲ್ಲಿ ಹತ್ತು ಅಂಕಕ್ಕೆ ನಾನು ಕೇಳುತ್ತಿದ್ದ ಪ್ರಶ್ನೆಯೇ ಇದು. ಉತ್ತರ ಹಿತ್ತಲಿನಲ್ಲೇ ಬೆಳೆದಿತ್ತು, ಆದರೆ ಅದನ್ನು ಅವ್ವನಿಗೆ ಹೇಳುವ ಧೈರ್ಯ ನನಗಿರಲಿಲ್ಲ.

ಆಕೆಯೇ ಒಂದು ಬೆಳಿಗ್ಗೆ ಹಿತ್ತಲಿಗೆ ಬಂದು ನಾಲ್ಕು ಕಾಯಿ ಕೊಯ್ದಳು. ಮುಳ್ಳು ಚುಚ್ಚಿತು, "ಹಾಳಾಗಿ ಹೋಗ್ಲಿ" ಅಂದಳು. ಗುರೆಳ್ಳು, ಶೇಂಗಾದ ಪುಡಿ ತುಂಬಿ ಎಣ್ಣೆಗಾಯಿ ಮಾಡಿದಳು. ನಾನು ರೊಟ್ಟಿ ಮುರಿಯದೆ ಆಕೆಯ ಮುಖ ನೋಡುತ್ತ ಕೂತೆ. ಒಂದು ತುತ್ತು ತಿಂದು, "ಇದು ನಮ್ಮ ರುಚಿ ಅಲ್ಲ," ಅಂದಳು.

ಮುಗಿಯಿತು ಅಂದುಕೊಂಡೆ. "ತಪ್ಪಾತು ಯವ್ವಾ," ಅಂದೆ. "ನಲವತ್ತು ವರ್ಷದಾಗ ಅದು ಬ್ಯಾರೇನ ಆಗೇತಿ."

ಆಕೆ ನನ್ನ ಕಡೆ ತಿರುಗಿದಳು. ಎಷ್ಟೋ ತಿಂಗಳ ನಂತರ ನೆಟ್ಟಗೆ ನನ್ನ ಮುಖ ನೋಡಿದಳು. "ಯಾಕ, ನಿಮ್ಮ ಅಕ್ಕ ಹ್ವಾದಾಗ ಇದ್ದಂಗ ಅದಾಳೇನು? ಮಾತು ಬ್ಯಾರೆ, ಸೀರಿ ಉಡೂದು ಬ್ಯಾರೆ, ಸಾರು ಸುದ್ದಾ ಅವರ ಮನೀದ ಆಗೇತಿ. ಅಂತ ಆಕೀನ ನನ್ನ ಮಗಳಲ್ಲ ಅಂದೆನೇನು?" ಅಂದು, ನನ್ನ ತಾಟಿಗೂ ಒಂದು ಕಾಯಿ ಹಾಕಿದಳು.